ಕದ್ರಿ, ಅಜ್ಜರಕಾಡು ಯೋಧರ ಸ್ಮಾರಕಕ್ಕೆ ಹೋಗುದು ಹೇಗೆ, ಹೋಗಿ ಎಂತ ಮಾಡುದು

ಮಂಗಳೂರಲ್ಲಿ ಕದ್ರಿ ಗುಡ್ಡೆ ಮೇಲೆ ಸರ್ಕಿಟ್ ಹೌಸ್ ಹತ್ತಿರ ಒಂದು ಯುದ್ಧ ಸ್ಮಾರಕ ಉಂಟು, ಉಡುಪಿಯಲ್ಲಿ ಅಜ್ಜರಕಾಡಲ್ಲಿ ಒಂದು ಹುತಾತ್ಮ ಸ್ಮಾರಕ ಉಂಟು. ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸಕ್ಕೆ, ಎರಡೂ ಕಡೆ ಕಾರ್ಯಕ್ರಮ ಆಗ್ತದೆ, ಮರುದಿನ ಪೇಪರಲ್ಲಿ ಫೋಟೋ ಬರ್ತದೆ, ಮತ್ತೆ ಮುಂದಿನ ಜುಲೈವರೆಗೆ ಯಾರಿಗೂ ನೆನಪಿರುದಿಲ್ಲ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಕೇಳಿದ, ಅಲ್ಲಿಗೆ ಹೋಗ್ಲಿಕ್ಕೆ ಮನಸ್ಸುಂಟು ಆದ್ರೆ ಹೋಗಿ ಎಂತ ಮಾಡ್ಬೇಕು ಅಂತಾನೇ ಗೊತ್ತಿಲ್ಲ, ದೇವಸ್ಥಾನ ಆದ್ರೆ ಕೈ ಮುಗಿದು ಪ್ರದಕ್ಷಿಣೆ ಬಂದು ಪ್ರಸಾದ ತಗೊಂಡ್ರೆ ಆಯ್ತು, ಇಲ್ಲಿ ಎರಡು ನಿಮಿಷ ನಿಂತು ವಾಪಸ್ ಬರುದಾ ಅಂತ. ಪ್ರಶ್ನೆ ಸರಿಯೇ ಉಂಟು. ಶಾಲೆಯಲ್ಲಿ ಇದನ್ನೆಲ್ಲ ಯಾರೂ ಹೇಳಿ ಕೊಡುದಿಲ್ಲ, ನಮ್ಮ ಜಿಲ್ಲೆಯಲ್ಲಿ ಕೊಡಗಿನ ಹಾಗೆ ಮನೆ ಮನೆಯಲ್ಲಿ ಮಿಲಿಟರಿಯವರೂ ಇಲ್ಲ, ನಮ್ಮವರು ಬೊಂಬಾಯಿ ಹೋಟ್ಲು, ಬ್ಯಾಂಕು, ಗಲ್ಫ್ ಅಂತ ಹೋದವರೇ ಜಾಸ್ತಿ. ಹಾಗಾಗಿ ಬರೀತಾ ಇದ್ದೇನೆ, ಸ್ವಲ್ಪ ಉದ್ದ ಆಗ್ತದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದಲನೇದು ಮತ್ತು ಮುಖ್ಯವಾದದ್ದು, ಮನೆಯಿಂದ ಹೊರಡುವ ಮೊದ್ಲು ಒಂದು ಹೆಸರು ಹುಡುಕಿ ಇಟ್ಕೊಳ್ಳಿ. ಒಂದೇ ಒಂದು ಸಾಕು. ಹೆಸರಿಲ್ಲದೆ ಹೋದ್ರೆ ಅದು ಕಲ್ಲು ಮತ್ತು ಸಿಮೆಂಟು ಅಷ್ಟೆ, ಐದು ನಿಮಿಷದಲ್ಲಿ ಬೋರ್ ಆಗ್ತದೆ, ಮೊಬೈಲ್ ತೆಗೀತೀರಿ. ಯಾರದ್ದಾದರೂ ಹೆಸರು, ಊರು, ಅವರು ತೀರಿ ಹೋದ ದಿನ, ಹೇಗೆ ಹೋದ್ರು ಅಂತ ನಾಲ್ಕು ಸಂಗತಿ ತಲೆಯಲ್ಲಿ ಇದ್ರೆ ಅಲ್ಲಿ ನಿಲ್ಲುವ ರೀತಿಯೇ ಬೇರೆ ಆಗ್ತದೆ.

ಉದಾಹರಣೆಗೆ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್. ಸುರತ್ಕಲ್ ಕಡೆಯವರಿಗೆ ಹೇಳ್ಬೇಕಂತಿಲ್ಲ, ಎಂಆರ್‌ಪಿಎಲ್ ಟೌನ್‌ಶಿಪ್ಪಲ್ಲಿ ಬೆಳೆದ ಹುಡುಗ, ಅಲ್ಲೇ ಶಾಲೆಗೆ ಹೋದದ್ದು. 2023ರ ನವೆಂಬರ್ 22ಕ್ಕೆ ಜಮ್ಮು ಕಾಶ್ಮೀರದ ರಜೌರಿಯಲ್ಲಿ ಉಗ್ರರ ಜೊತೆ ಗುಂಡಿನ ಕಾಳಗದಲ್ಲಿ ಹೋದ್ರು. ಆಗ ಅವರು ಇದ್ದದ್ದು 63 ರಾಷ್ಟ್ರೀಯ ರೈಫಲ್ಸಲ್ಲಿ, ಆದ್ರೆ ಅವರ ಮೂಲ ವಿಭಾಗ ಸಿಗ್ನಲ್ಸ್, ಅಂದ್ರೆ ಸೈನ್ಯದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ದಳ. ಎರಡು ಯೂನಿಟ್ ಹೆಸರು ಯಾಕೆ ಅಂತ ಕೇಳಿದ್ರೆ, ರಾಷ್ಟ್ರೀಯ ರೈಫಲ್ಸಿಗೆ ನೇರ ಭರ್ತಿ ಇಲ್ಲ, ಬೇರೆ ಬೇರೆ ರೆಜಿಮೆಂಟಿಂದ ಎರಡು ಮೂರು ವರ್ಷಕ್ಕೆ ಅಂತ ಜನ ಕಳಿಸ್ತಾರೆ, 1990ರಲ್ಲಿ ಉಗ್ರರನ್ನು ಎದುರಿಸ್ಲಿಕ್ಕೆ ಅಂತ್ಲೇ ಕಟ್ಟಿದ ಪಡೆ ಅದು. ಪೇಪರಲ್ಲಿ ಇನ್ನು ಮುಂದೆ "ಆರ್‌ಆರ್" ಅಂತ ಕಂಡ್ರೆ ಇದೇ ಅಂತ ಗೊತ್ತಾಗ್ತದೆ.

ಉಡುಪಿ ಜಿಲ್ಲೆಯವರಿಗೆ ಕುಂದಾಪುರ ಬೀಜಾಡಿಯ ಅನೂಪ್ ಪೂಜಾರಿ ನೆನಪಿರ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರು. 2024ರ ಡಿಸೆಂಬರ್ 24, ಕ್ರಿಸ್ಮಸ್ಸಿನ ಹಿಂದಿನ ದಿನ, ಪೂಂಛ್‌ನಲ್ಲಿ ಸೇನೆಯ ಗಾಡಿ ಕಂದಕಕ್ಕೆ ಬಿದ್ದು ಐದು ಜನ ಹೋದ್ರಲ್ಲ, ಅದರಲ್ಲಿ ಮೂರು ಜನ ಕರ್ನಾಟಕದವರು, ಬೆಳಗಾವಿ, ಬಾಗಲಕೋಟೆ ಮತ್ತು ನಮ್ಮ ಕುಂದಾಪುರ.

ಇನ್ನೊಬ್ಬರು ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯವರು. 2016ರ ಜುಲೈ 22ಕ್ಕೆ ಚೆನ್ನೈ ಹತ್ತಿರದ ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಬಂಗಾಳ ಕೊಲ್ಲಿ ಮೇಲೆ ಕಾಣೆ ಆಯ್ತಲ್ಲ, 29 ಜನ ಇದ್ದದ್ದು, ಅದರಲ್ಲಿ ಇವರೂ ಇದ್ರು. ತಿಂಗಳುಗಟ್ಲೆ ಹಡಗು, ವಿಮಾನ ಬಿಟ್ಟು ಹುಡುಕಿದ್ರು, ಒಂದು ತುಂಡೂ ಸಿಗ್ಲಿಲ್ಲ. ಏಳೂವರೆ ವರ್ಷ ಕಳೆದು 2024ರ ಜನವರಿಯಲ್ಲಿ ಸಮುದ್ರದಡಿ ಸುಮಾರು 3,400 ಮೀಟರ್ ಆಳದಲ್ಲಿ ಅವಶೇಷ ಕಂಡಿತು ಅಂತ ಸರಕಾರ ಹೇಳಿತು. ಅಷ್ಟು ವರ್ಷ ಆ ಮನೆಯವರಿಗೆ ಹೇಗಾಗಿರ್ಬೇಡ ಅಂತ ಆಲೋಚಿಸಿ. ಉತ್ತರಕ್ರಿಯೆ ಮಾಡುದಾ, ಕಾಯುದಾ? ಮನೆಗೆ ತರ್ಲಿಕ್ಕೆ ಎಂತದ್ದೂ ಇಲ್ಲದವರಿಗೆ ಹೂ ಇಡ್ಲಿಕ್ಕೆ ಅಂತ ಇರುವ ಜಾಗ ಇಂಥ ಸ್ಮಾರಕ ಮಾತ್ರ. ಸಮುದ್ರದಲ್ಲಿ ಹೋದವರ ಕಥೆಯೇ ಹಾಗೆ, ಮೀನುಗಾರಿಕೆ ಮನೆಯವರಿಗೆ ಇದು ಬೇಗ ಅರ್ಥ ಆಗ್ತದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆ ಕೆಳಗೆ ಹೋದ್ರು, ಹಡಗಿನ ಕ್ಯಾಪ್ಟನ್ ಮುಲ್ಲಾ ಸಹ.

ನಮ್ಮ ಊರಿನ ಈ ಮೂರು ಜನರಲ್ಲಿ ಒಂದು ವಿಷಯ ಗಮನಿಸಿದ್ರಾ? ಒಬ್ಬರು ಗುಂಡಿಗೆ, ಒಬ್ಬರು ಗಾಡಿ ಬಿದ್ದು, ಒಬ್ಬರು ವಿಮಾನ ಕಾಣೆಯಾಗಿ. ನಾವು ಹುತಾತ್ಮ ಅಂದ ಕೂಡ್ಲೇ ಟೈಗರ್ ಹಿಲ್, ಗನ್ನು, ಬಾವುಟ ಅಂತ ಸಿನಿಮಾದ ಹಾಗೆ ಆಲೋಚನೆ ಮಾಡ್ತೇವೆ, ಆದ್ರೆ ಯುದ್ಧ ಇಲ್ಲದ ಕಾಲದಲ್ಲೂ ರಸ್ತೆ, ಹಿಮ, ಹವಾಮಾನ, ವಿಮಾನ ಅಂತ ಹೋಗುವವರು ಸುಮಾರು ಜನ. ಸಿಯಾಚಿನ್‌ನಲ್ಲಿ 1984ರಿಂದ ನಮ್ಮ ಸೈನ್ಯ ಇದೆ, ಅಲ್ಲಿ ಗುಂಡಿಗಿಂತ ಚಳಿ ಮತ್ತು ಹಿಮಪಾತಕ್ಕೆ ಹೋದವರೇ ಹೆಚ್ಚು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ್ 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದ ಕೆಳಗೆ ಇದ್ದು ಜೀವಂತ ಸಿಕ್ಕಿದ್ರು, ಇಡೀ ಕರ್ನಾಟಕ ಹರಕೆ ಹೊತ್ತಿತ್ತು, ಆದ್ರೂ ಫೆಬ್ರವರಿ 11ಕ್ಕೆ ಹೋದ್ರು. "ಆಕ್ಸಿಡೆಂಟಲ್ಲಿ ಹೋದವರು ಹುತಾತ್ಮರಾ" ಅಂತ ಕಮೆಂಟಲ್ಲಿ ಲೆಕ್ಕ ಹಾಕುವವರನ್ನು ಕಂಡ್ರೆ ನನಗೆ ಮಂಡೆಬಿಸಿ ಆಗ್ತದೆ. ಆ ರಸ್ತೆಗೆ ಅವರು ಪಿಕ್‌ನಿಕ್ಕಿಗೆ ಹೋದದ್ದಾ ಮಾರಾಯ್ರೆ?

ಹೆಸರು ಹುಡುಕುದು ಹೇಗೆ ಅಂದ್ರೆ, ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟ್ ಉಂಟು, ಸ್ವಾತಂತ್ರ್ಯದ ನಂತರ ಹೋದವರ ಹೆಸರು ಅಲ್ಲಿ ಸಿಗ್ತದೆ. ಊರಿನ ಹಳೇ ಪೇಪರ್ ಕಟಿಂಗ್, ಗ್ರಾಮ ಪಂಚಾಯತಿಯ ರಸ್ತೆ ಬೋರ್ಡು, ಶಾಲೆ ಗೋಡೆಯ ಫೋಟೋ, ಬಸ್ ಸ್ಟಾಪಿನ ಹೆಸರು, ಇದೆಲ್ಲ ಕೂಡ ನೋಡಿ. ಯಾರದ್ದೋ ಹೆಸರಿನ ತಂಗುದಾಣದಲ್ಲಿ ದಿನಾ ಬಸ್ಸಿಗೆ ಕಾಯ್ತಾ ಇರ್ತೇವೆ, ಅವರು ಯಾರು ಅಂತ ಓದಿರುದಿಲ್ಲ.

ಇನ್ನು ಯಾವಾಗ ಹೋಗುದು ಅಂತ. ಎರಡು ರೀತಿ ಉಂಟು, ಕಾರ್ಯಕ್ರಮದ ದಿನ ಹೋಗುದು ಮತ್ತು ಸುಮ್ನೆ ಒಂದು ದಿನ ಹೋಗುದು. ನನ್ನ ಕೇಳಿದ್ರೆ ಮೊದಲ ಸಲ ಸುಮ್ನೆ ಒಂದು ದಿನ ಬೆಳಿಗ್ಗೆ ಬೇಗ ಹೋಗಿ ಬನ್ನಿ, ಜನ ಇರುದಿಲ್ಲ, ಅವಸರ ಇಲ್ಲ, ಓದ್ಲಿಕ್ಕೆ ನೋಡ್ಲಿಕ್ಕೆ ಸಮಯ ಸಿಗ್ತದೆ. ಆಮೇಲೆ ಕಾರ್ಯಕ್ರಮದ ದಿನ ಹೋದ್ರೆ ಅಲ್ಲಿ ನಡೆಯುದು ಅರ್ಥ ಆಗ್ತದೆ.

ಕ್ಯಾಲೆಂಡರಲ್ಲಿ ಗುರ್ತು ಹಾಕ್ಲಿಕ್ಕೆ ಕೆಲವು ದಿನ ಹೇಳ್ತೇನೆ. ಜುಲೈ 26 ಕಾರ್ಗಿಲ್ ವಿಜಯ ದಿವಸ, 1999ರ ಯುದ್ಧದಲ್ಲಿ ನಮ್ಮವರು 527 ಜನ ಹೋದದ್ದು, ಗಾಯ ಆದವರು 1,300ಕ್ಕಿಂತ ಮೇಲೆ. ಡಿಸೆಂಬರ್ 16 ವಿಜಯ ದಿವಸ, ಅದು 1971ರದ್ದು, ಡಿಸೆಂಬರ್ 3ಕ್ಕೆ ಶುರುವಾಗಿ 13 ದಿನದಲ್ಲಿ ಢಾಕಾದಲ್ಲಿ ಶರಣಾಗತಿ. ಡಿಸೆಂಬರ್ 4 ನೌಕಾಪಡೆ ದಿನ, ಜನವರಿ 15 ಸೇನಾ ದಿನ, 1949ರಲ್ಲಿ ಅದೇ ದಿನ ನಮ್ಮ ಕೊಡಗಿನ ಕಾರಿಯಪ್ಪನವರು ಬ್ರಿಟಿಷ್ ಜನರಲ್ ಕೈಯಿಂದ ಅಧಿಕಾರ ತಗೊಂಡದ್ದು. ಜನವರಿ 30ಕ್ಕೆ ಬೆಳಿಗ್ಗೆ 11 ಗಂಟೆಗೆ ಇಡೀ ದೇಶ ಎರಡು ನಿಮಿಷ ಮೌನ ಅಂತ ಉಂಟು, ಗಾಂಧಿ ಹೋದ ದಿನ, ಸ್ವಾತಂತ್ರ್ಯಕ್ಕೆ ಪ್ರಾಣ ಕೊಟ್ಟವರೆಲ್ಲರ ನೆನಪಿಗೆ. ಅಜ್ಜರಕಾಡಿಗೆ ಆ ದಿನ ಹೋದ್ರೆ ಇನ್ನೊಂದು ಲೆಕ್ಕದಲ್ಲಿ ಸರಿ ಆಗ್ತದೆ, 1934ರಲ್ಲಿ ಗಾಂಧಿ ಉಡುಪಿಗೆ ಬಂದಾಗ ಭಾಷಣ ಮಾಡಿದ್ದು ಅಜ್ಜರಕಾಡಲ್ಲೇ.

ಜುಲೈ 26 ಅಂದ್ರೆ ನಮ್ಮಲ್ಲಿ ಆಟಿ ತಿಂಗಳು. ಬೆಂಗಳೂರಿನವರಿಗೆ ಇದು ಅರ್ಥ ಆಗುದಿಲ್ಲ, ಅವರು ಜರ್ಕಿನ್ ಹಾಕಿ ಬರ್ತಾರೆ, ಇಲ್ಲಿ ಮಳೆ ಅಡ್ಡಡ್ಡ ಹೊಡೀತದೆ, ಕೆಲವು ವರ್ಷ ಹಿಂದಿನ ದಿನ ರಾತ್ರಿ ರೆಡ್ ಅಲರ್ಟ್ ಬಂದು ಶಾಲೆಗೆ ರಜೆ ಆದ್ರೆ ಮಕ್ಕಳೂ ಬರುದಿಲ್ಲ. ಕೊಡೆ ತಗೊಂಡೇ ಹೋಗಿ. ಆದ್ರೆ ಕೊಡೆಗೆ ಒಂದು ನಿಯಮ, ಮೌನದ ಹೊತ್ತಿಗೆ ಮತ್ತು ಬ್ಯೂಗಲ್ (ಸೈನ್ಯದ ಕಹಳೆ) ಊದುವಾಗ ಕೊಡೆ ಬಿಡಿಸುದು ಮಡಚುದು ಮಾಡ್ಬೇಡಿ, ಬಿಡಿಸಿದ್ದು ಬಿಡಿಸಿಯೇ ಇರ್ಲಿ, ಹಿಂದೆ ನಿಂತವರಿಗೆ ಅಡ್ಡ ಆಗದ ಹಾಗೆ ಬದಿಗೆ ನಿಲ್ಲಿ. ಸಮವಸ್ತ್ರದಲ್ಲಿ ಇರುವವರು ಒದ್ದೆ ಆಗಿಯೇ ನಿಲ್ತಾರೆ, ಹಳೇ ಸೈನಿಕರು ಎಷ್ಟೋ ಜನ ಎಪ್ಪತ್ತು ದಾಟಿದ ಮೇಲೂ ಕೊಡೆ ಬೇಡ ಅಂತಾರೆ. ನೀವು ಹಾಗೆ ಮಾಡ್ಬೇಕಂತಿಲ್ಲ. ಮತ್ತೆ ಕಾಲಿನ ಕಡೆ ಜಾಗ್ರತೆ, ಮಳೆಗಾಲದಲ್ಲಿ ನಮ್ಮಲ್ಲಿ ಯಾವ ಕಲ್ಲಾದ್ರೂ ಮೆಟ್ಲಾದ್ರೂ ಒಂದು ವಾರದಲ್ಲಿ ಪಾಚಿ ಹಿಡೀತದೆ, ನುಣ್ಣಗಿನ ಗ್ರಾನೈಟಂತೂ ಎಣ್ಣೆ ಹಾಕಿದ ಹಾಗೆ ಜಾರ್ತದೆ, ಹವಾಯಿ ಚಪ್ಪಲಿ ಬೇಡ. ಅಜ್ಜ ಅಜ್ಜಿಯನ್ನು ಕರ್ಕೊಂಡು ಹೋಗುವವರಾದ್ರೆ ಡಿಸೆಂಬರ್ 16 ಒಳ್ಳೆದು, ಬಿಸಿಲೂ ತಡೀತದೆ, ಮಳೆಯೂ ಇಲ್ಲ.

ಹೋಗುವ ದಾರಿ ಬಗ್ಗೆ ಜಾಸ್ತಿ ಹೇಳ್ಲಿಕ್ಕಿಲ್ಲ. ಮಂಗಳೂರಲ್ಲಿ ರಿಕ್ಷಾದವರಿಗೆ ಕದ್ರಿ ಸರ್ಕಿಟ್ ಹೌಸ್ ಅಂದ್ರೆ ಸಾಕು, ಬಿಜೈ ಕೆಎಸ್ಸಾರ್ಟಿಸಿ ಸ್ಟ್ಯಾಂಡಿಂದ ಹತ್ತಿರವೇ. ಕದ್ರಿ ದೇವಸ್ಥಾನ, ಕದ್ರಿ ಪಾರ್ಕ್ ಎಲ್ಲ ಅದೇ ಆಸುಪಾಸಲ್ಲಿ, ಒಟ್ಟಿಗೇ ಮುಗಿಸ್ಬಹುದು. ಉಡುಪಿಯಲ್ಲಿ ಅಜ್ಜರಕಾಡು ಅಂದ್ರೆ ಜಿಲ್ಲಾಸ್ಪತ್ರೆ, ಭುಜಂಗ ಪಾರ್ಕ್, ಜಿಲ್ಲಾ ಕ್ರೀಡಾಂಗಣ ಇರುವ ಜಾಗ, ಬಸ್ ಸ್ಟ್ಯಾಂಡಿಂದ ನಡೆದೇ ಹೋಗ್ಬಹುದು. ಕಾರ್ಯಕ್ರಮದ ದಿನ ಕಾರು ದೂರ ಇಟ್ಟು ನಡೆದು ಬನ್ನಿ, ಗಣ್ಯರ ಗಾಡಿ ಬರುವ ಹೊತ್ತಿಗೆ ಹಾರ್ನ್ ಹೊಡೀತಾ ಪಾರ್ಕಿಂಗ್ ಹುಡುಕುದು ಚಂದ ಅಲ್ಲ.

ಬಟ್ಟೆ ಸಾದಾ ಇರ್ಲಿ, ಮಿಲಿಟರಿ ಕಲರಿನ ಚುಕ್ಕಿ ಚುಕ್ಕಿ ಟೀಶರ್ಟು ಪ್ಯಾಂಟು ಹಾಕಿ ಹೋಗ್ಬೇಡಿ. ದೇಶಭಕ್ತಿ ತೋರಿಸ್ಲಿಕ್ಕೆ ಅಂತ ಹಾಕುವವರು ಉಂಟು, ಆದ್ರೆ ನಿಜವಾಗಿ ಆ ಬಟ್ಟೆ ಹಾಕಿದವರ ಎದುರು ಅದು ಫ್ಯಾನ್ಸಿ ಡ್ರೆಸ್ ಥರ ಕಾಣ್ತದೆ. ಹೂ ತಗೊಂಡು ಹೋಗುದಾದ್ರೆ ಒಂದು ಹಿಡಿ ಸೇವಂತಿಗೆ ಅಥವಾ ಗೊಂಡೆ ಸಾಕು, ದಾರ ಇಲ್ಲದ್ದು, ಪ್ಲಾಸ್ಟಿಕ್ ಕವರನ್ನು ವಾಪಸ್ ಜೇಬಿಗೆ ಹಾಕ್ಕೊಳ್ಳಿ. ದೊಡ್ಡ ಹೂವಿನ ಚಕ್ರ ಸಂಘ ಸಂಸ್ಥೆಯವರು ಇಡುವಂಥದ್ದು, ನಿಮ್ಗೆ ಅದರ ಖರ್ಚು ಬೇಡ. ಪ್ಲಾಸ್ಟಿಕ್ ಬಾವುಟ ಬೇಡವೇ ಬೇಡ, ಕಾಗದದ್ದು ತಂದ್ರೂ ಅಲ್ಲೇ ಚುಚ್ಚಿ ಬಿಟ್ಟು ಬರ್ಬೇಡಿ, ಸಂಜೆ ಮಳೆಗೆ ಅದು ಚರಂಡಿಯಲ್ಲಿ ಇರ್ತದೆ. ಚಪ್ಪಲಿ ತೆಗಿಬೇಕಾ ಅಂತ ಎಲ್ರೂ ಕೇಳ್ತಾರೆ, ಸೈನಿಕರು ಬೂಟು ಹಾಕಿಯೇ ಗೌರವ ಸಲ್ಲಿಸುದು, ಅವರ ಪದ್ಧತಿ ಅದು. ನಮ್ಮ ಜನಕ್ಕೆ ಹೂ ಇಡುವ ಕಟ್ಟೆ ಹತ್ತುವಾಗ ಚಪ್ಪಲಿ ತೆಗೆದ್ರೆ ಸಮಾಧಾನ, ಹಾಗಾದ್ರೆ ತೆಗೀರಿ, ಯಾರೂ ಎಂತ ಹೇಳುದಿಲ್ಲ. ಅಗರಬತ್ತಿ, ತೆಂಗಿನಕಾಯಿ, ಕುಂಕುಮ ಮಾತ್ರ ಬೇಡ, ಅಲ್ಲಿ ನೆನಪಾಗುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ.

ಈಗ ಕಾರ್ಯಕ್ರಮದಲ್ಲಿ ಎಂತ ಆಗ್ತದೆ ಅಂತ ನೋಡುವ. ಎಲ್ಲ ಕಡೆ ಸ್ವಲ್ಪ ಹೆಚ್ಚು ಕಮ್ಮಿ ಒಂದೇ ಕ್ರಮ. ಗಣ್ಯರು, ನಿವೃತ್ತ ಅಧಿಕಾರಿಗಳು, ಎನ್‌ಸಿಸಿಯವರು, ಕುಟುಂಬದವರು ಒಬ್ಬೊಬ್ಬರಾಗಿ ಬಂದು ಹೂವಿನ ಚಕ್ರ ಇಟ್ಟು ಎರಡು ಹೆಜ್ಜೆ ಹಿಂದೆ ಬಂದು ನಿಲ್ತಾರೆ, ಸಮವಸ್ತ್ರದವರು ಸೆಲ್ಯೂಟ್ ಹೊಡೀತಾರೆ. ನೀವು ಸಿವಿಲಿಯನ್ ಆದ್ರೆ ಸೆಲ್ಯೂಟ್ ಬೇಕಂತಿಲ್ಲ, ಕೈ ಮುಗಿದ್ರೆ ಅಥವಾ ನೆಟ್ಟಗೆ ನಿಂತ್ರೆ ಸಾಕು. ಬಂದೂಕು ಹಿಡಿದು ಗೌರವ ಕೊಡುವ ಗಾರ್ಡ್ ಇದ್ರೆ ಮೊದ್ಲು "ಸಲಾಮಿ ಶಸ್ತ್ರ" ಅಂತ ಕೂಗ್ತಾರೆ, ಬಂದೂಕು ಎದೆ ಎದುರು ನೆಟ್ಟಗೆ ಬರ್ತದೆ. ಆಮೇಲೆ "ಶೋಕ ಶಸ್ತ್ರ". ಆಗ ಬಂದೂಕು ನಿಧಾನಕ್ಕೆ ತಿರುಗಿ ನಳಿಕೆ ನೆಲದ ಕಡೆ ಹೋಗ್ತದೆ, ಎರಡು ಕೈ ಅದರ ಹಿಂಬದಿ ಮೇಲೆ ಬರ್ತದೆ, ತಲೆ ಬಗ್ಗುತ್ತದೆ. ಎಲ್ರದ್ದೂ ಒಂದೇ ಸಲ, ಬೇಕೂಂತ್ಲೇ ನಿಧಾನಕ್ಕೆ. ಇದನ್ನು ಹತ್ತಿರದಿಂದ ನೋಡಿ, ಹುಡುಗರು ಹತ್ತೊಂಬತ್ತು ಇಪ್ಪತ್ತರವರು, ಮಳೆ ನೀರು ಟೋಪಿಯ ಅಂಚಿಂದ ಇಳಿದು ಕೈ ಮೇಲೆ ಬೀಳ್ತಾ ಇದ್ರೂ ಬೆರಳು ಅಲ್ಲಾಡುದಿಲ್ಲ.

ಅಮರ್ ಜವಾನ್ ಚಿಹ್ನೆಯಲ್ಲಿ ಬಂದೂಕು ತಲೆಕೆಳಗಾಗಿ ಮೇಲೆ ಹೆಲ್ಮೆಟ್ ಇರುದು ಸಹ ಇದಕ್ಕೆ ಹತ್ತಿರದ ವಿಷಯವೇ. ಯುದ್ಧಭೂಮಿಯಲ್ಲಿ ಜೊತೆಯವ ಬಿದ್ದ ಜಾಗ ಮತ್ತೆ ಗುರ್ತಿಗೆ ಸಿಗ್ಲಿ ಅಂತ ಅವನದ್ದೇ ಬಂದೂಕನ್ನು ಬಯೋನೆಟ್ ಕೆಳಗೆ ಮಾಡಿ ನೆಲಕ್ಕೆ ಚುಚ್ಚಿ ಹೆಲ್ಮೆಟ್ ಇಡ್ತಿದ್ರು. ದೆಹಲಿಯ ಇಂಡಿಯಾ ಗೇಟಲ್ಲಿ 1972ರ ಜನವರಿ 26ಕ್ಕೆ ಇದನ್ನೇ ಸ್ಮಾರಕ ಮಾಡಿದ್ದು, ಅಲ್ಲಿದ್ದ ಜ್ಯೋತಿಯನ್ನು 2022ರ ಜನವರಿಯಲ್ಲಿ ಹತ್ತಿರದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಗೆ ಸೇರಿಸಿದ್ರು.

ಶೋಕ ಶಸ್ತ್ರ ಆದ್ಮೇಲೆ ಬ್ಯೂಗಲ್ಲಲ್ಲಿ ಲಾಸ್ಟ್ ಪೋಸ್ಟ್. ಇದು ಮೂಲದಲ್ಲಿ ರಾತ್ರಿ ಕ್ಯಾಂಪಲ್ಲಿ ದಿನ ಮುಗೀತು, ಕಾವಲು ಎಲ್ಲ ಸರಿ ಉಂಟು, ಮಲಗಿ ಅಂತ ಊದುವ ಸಂಜ್ಞೆ. ಆಮೇಲೆ ಎರಡು ನಿಮಿಷ ಮೌನ. ಆಮೇಲೆ ಬೆಳಿಗ್ಗೆ ಎಬ್ಬಿಸುವ ರೌಸ್ ಅಂತ ಇನ್ನೊಂದು ಊದ್ತಾರೆ, ಸ್ವಲ್ಪ ಚುರುಕು ಇರ್ತದೆ ಅದು. ಮೌನ ಮುಗಿದದ್ದು ಅದರಿಂದ ಗೊತ್ತಾಗುದು, ಅಲ್ಲಿವರೆಗೆ ಅಲ್ಲಾಡ್ಬೇಡಿ, ಮೊದಲನೇ ಬ್ಯೂಗಲ್ ನಿಂತ ಕೂಡ್ಲೇ ಚಪ್ಪಾಳೆ ಹೊಡೆಯುವವರು ಪ್ರತಿ ವರ್ಷ ಯಾರಾದ್ರೂ ಒಬ್ರು ಇರ್ತಾರೆ. ಮೊಬೈಲ್ ಸೈಲೆಂಟ್ ಸಾಲುದಿಲ್ಲ, ಸ್ವಿಚ್ ಆಫ್ ಮಾಡಿ. ಎರಡು ನಿಮಿಷ ನಿಮ್ಗೆ ಉದ್ದ ಅನಿಸ್ತದೆ, ಅದಕ್ಕೇ ಹೇಳಿದ್ದು ಒಂದು ಹೆಸರು ಇಟ್ಕೊಂಡು ಹೋಗಿ ಅಂತ.

ಎದೆ ಮೇಲೆ ಪದಕ ಹಾಕಿದವರನ್ನು ನೋಡುವಾಗ ಯಾವ ಬದಿ ಅಂತ ಗಮನಿಸಿ. ಎಡಬದಿ ಇದ್ರೆ ಅದು ಅವರದ್ದೇ. ಬಲಬದಿ ಇದ್ರೆ ಅದು ಅವರ ಮನೆಯವರದ್ದು, ಗಂಡನದ್ದೋ ಮಗನದ್ದೋ ಅಪ್ಪನದ್ದೋ. ಸೀರೆ ಉಟ್ಟ ಹೆಂಗಸು ಬಲಬದಿ ಪದಕ ಹಾಕಿ ಕೂತಿದ್ರೆ ಅವರ ಹತ್ತಿರ ಹೋಗಿ "ನೀವು ಯಾವ ಇಲಾಖೆ ಮೇಡಂ" ಅಂತ ಕೇಳುವ ಪರಿಸ್ಥಿತಿ ತಂದುಕೊಳ್ಬೇಡಿ. ಸೀಟು ಬಿಟ್ಟು ಕೊಡಿ, ನಮಸ್ಕಾರ ಹೇಳಿ, ಅವರಾಗಿ ಮಾತಾಡಿದ್ರೆ ಕೇಳಿ.

ಸ್ಮಾರಕ ಎಲ್ಲಿದ್ದದ್ದಾದ್ರೂ ಕಲ್ಲಲ್ಲಿ ಕೆತ್ತಿದ್ದು ಓದ್ಲಿಕ್ಕೆ ಸ್ವಲ್ಪ ತರಬೇತಿ ಬೇಕು, ಇದು ನನಗೆ ಇಷ್ಟದ ಭಾಗ. ಹಳೇ ವೀರಗಲ್ಲು ನೋಡಿದ್ದೀರಲ್ಲ, ಬಾರ್ಕೂರಲ್ಲೆಲ್ಲ ಉಂಟು, ಅದನ್ನು ಕೆಳಗಿನಿಂದ ಮೇಲಕ್ಕೆ ಓದುದು, ಕೆಳಗೆ ಯುದ್ಧ, ನಡುವೆ ಅಪ್ಸರೆಯರು ಕರ್ಕೊಂಡು ಹೋಗುದು, ಮೇಲೆ ಕೈಲಾಸ. ಅದರಲ್ಲಿ ಚಿತ್ರವೇ ಎಲ್ಲ ಹೇಳ್ತದೆ. ಈಗಿನ ಕಲ್ಲಲ್ಲಿ ಚಿತ್ರ ಇಲ್ಲ, ಬರೀ ನಂಬರು, ಹುದ್ದೆ, ಹೆಸರು, ಯೂನಿಟ್, ಆದ್ರೆ ಓದ್ಲಿಕ್ಕೆ ಗೊತ್ತಿದ್ರೆ ಅದರಲ್ಲೂ ಸುಮಾರು ವಿಷಯ ಉಂಟು. ನಂಬರು ಐಸಿ ಅಂತ ಶುರುವಾದ್ರೆ ಅಧಿಕಾರಿ, ಜೆಸಿ ಅಂತ ಇದ್ರೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಈ ಮಟ್ಟದವರು, ಅಂದ್ರೆ ಹೆಚ್ಚಾಗಿ ಸಾಮಾನ್ಯ ಸಿಪಾಯಿ ಆಗಿ ಸೇರಿ ಇಪ್ಪತ್ತು ವರ್ಷ ದುಡಿದು ಮೇಲೆ ಬಂದವರು. ಅಂಕೆಯಿಂದಲೇ ಶುರುವಾದ್ರೆ ಸಿಪಾಯಿಯಿಂದ ಹವಾಲ್ದಾರ್‌ವರೆಗಿನವರು. ಹುದ್ದೆಯ ಹೆಸರಲ್ಲೇ ಕೆಲಸ ಗೊತ್ತಾಗ್ತದೆ, ಕಾಲಾಳು ಪಡೆಯಲ್ಲಿ ಸಿಪಾಯಿ ಅಂತ ಕರೆಯುವ ಅದೇ ಹುದ್ದೆ ಫಿರಂಗಿ ದಳದಲ್ಲಿ ಗನ್ನರ್, ಇಂಜಿನಿಯರ್ಸಲ್ಲಿ ಸ್ಯಾಪರ್, ಸಿಗ್ನಲ್ಸಲ್ಲಿ ಸಿಗ್ನಲ್‌ಮನ್, ಟ್ಯಾಂಕಿನವರಲ್ಲಿ ಸವಾರ್, ಗಾಡಿ ಮತ್ತು ಆಯುಧ ರಿಪೇರಿ ಮಾಡುವ ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್. ಸ್ಯಾಪರ್ ಅಂತ ಕಂಡ್ರೆ ಸೇತುವೆ ಕಟ್ಟುದು, ಮೈನ್ ತೆಗೆಯುದು ಅವರ ಕೆಲಸ ಅಂತ ತಿಳ್ಕೊಳ್ಳಿ, ಬೆಂಗಳೂರಿನ ಎಂಇಜಿ, ಅಂದ್ರೆ ಮದ್ರಾಸ್ ಇಂಜಿನಿಯರ್ ಗ್ರೂಪ್, ಅವರದ್ದೇ ಒಂದು ಮನೆ, ಸೈನ್ಯದಲ್ಲಿ ಅಲ್ಲಿಯವರನ್ನು ತಂಬಿಗಳು ಅಂತಾರೆ. ಎಂಎಲ್‌ಐ ಅಂದ್ರೆ ಮರಾಠಾ ಲೈಟ್ ಇನ್‌ಫೆಂಟ್ರಿ, ಅದರ ಸೆಂಟರ್ ಬೆಳಗಾವಿಯಲ್ಲಿ. ಮದ್ರಾಸ್ ಅಂದ್ರೆ ಮದ್ರಾಸ್ ರೆಜಿಮೆಂಟ್, ಊಟಿ ಹತ್ತಿರ ವೆಲ್ಲಿಂಗ್ಟನಲ್ಲಿ.

ಹೆಸರಿನ ಮುಂದೆ ಪದಕ ಇದ್ರೆ ಅದರಲ್ಲಿ ಎರಡು ಸಾಲು. ಶತ್ರು ಎದುರಿಗೆ ತೋರಿಸಿದ ಶೌರ್ಯಕ್ಕೆ ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಯುದ್ಧ ಅಲ್ಲದ ಸಂದರ್ಭಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. ಪರಮವೀರ ಚಕ್ರ ಇವತ್ತಿನವರೆಗೆ ಸಿಕ್ಕಿದ್ದು 21 ಜನರಿಗೆ ಮಾತ್ರ, ಅದರಲ್ಲಿ 14 ಜನ ಪದಕ ತಗೊಳ್ಳಿಕ್ಕೆ ಜೀವಂತ ಇರ್ಲಿಲ್ಲ.

ಹಳೇ ಸೈನಿಕರ ಹತ್ತಿರ ಮಾತಾಡ್ಲಿಕ್ಕೆ ಹೆದರ್ಬೇಡಿ. ಕಾರ್ಯಕ್ರಮ ಮುಗಿದು ಚಾ ಕುಡಿಯುವ ಹೊತ್ತು ಇರ್ತದಲ್ಲ, ಅದೇ ಒಳ್ಳೆ ಸಮಯ. "ಎಷ್ಟು ಜನರನ್ನು ಹೊಡೆದಿದ್ದೀರಿ ಸಾರ್" ಅಂತ ಯಾವತ್ತೂ ಕೇಳ್ಬೇಡಿ, ಮಕ್ಕಳಿಗೂ ಮೊದ್ಲೇ ಹೇಳಿ ಕರ್ಕೊಂಡು ಹೋಗಿ, ಅವರ ಬಾಯಿಗೆ ಮೊದ್ಲು ಬರುದು ಅದೇ. "ಯಾವ ಯೂನಿಟ್ ಸಾರ್" ಅಂತ ಕೇಳಿ ನೋಡಿ, ಮುಖ ಅರಳ್ತದೆ, ಅಲ್ಲಿಂದ ಮುಂದೆ ನೀವು ಎಂತದ್ದೂ ಕೇಳ್ಬೇಕಂತಿಲ್ಲ, ಭರ್ತಿಗೆ ಮನೆಯವರಿಗೆ ಹೇಳದೆ ಹೋದದ್ದು, ಹಿಂದಿ ಬಾರದೆ ಮೊದ್ಲ ತಿಂಗಳು ಮೂಕನ ಹಾಗೆ ಇದ್ದದ್ದು, ಚಪಾತಿ ತಿಂದು ತಿಂದು ಕುಚ್ಚಲಕ್ಕಿ ಗಂಜಿ ನೆನಪಾಗಿ ಅಳು ಬಂದದ್ದು, ಎಲ್ಲ ಬರ್ತದೆ. ಐಪಿಕೆಎಫ್ ಅಂತ ಹೇಳುವವರು ಸಿಕ್ಕಿದ್ರೆ ಸ್ವಲ್ಪ ಜಾಸ್ತಿ ಹೊತ್ತು ಕೂತ್ಕೊಳ್ಳಿ. 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ ಅದು, ನಮ್ಮವರು 1,100ಕ್ಕಿಂತ ಹೆಚ್ಚು ಜನ ಅಲ್ಲಿ ಹೋದ್ರು, ಆದ್ರೆ ಕಾರ್ಗಿಲ್ಲಿಗೆ ಇರುವ ಹಾಗೆ ಅವರಿಗೆ ಒಂದು ದಿನ ಅಂತ ಊರಲ್ಲಿ ಯಾರೂ ಮಾಡುದಿಲ್ಲ. ವಾಪಸ್ ಬಂದಾಗಲೂ ಬ್ಯಾಂಡು ಬಾಜಾ ಇರ್ಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಈಗ ಅರವತ್ತರ ಆಸುಪಾಸು ಅಥವಾ ಮೇಲೆ ಆಯ್ತು, 71ರ ಯುದ್ಧದವರಂತೂ ಎಪ್ಪತ್ತು ದಾಟಿದ್ದಾರೆ. ಅವರು ಒಪ್ಪಿದ್ರೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಡಿ, ತುಳುವಲ್ಲಿ ಮಾತಾಡಿದ್ರೆ ತುಳುವಲ್ಲೇ ಇರ್ಲಿ. ರೀಲ್ಸ್ ಮಾಡ್ಲಿಕ್ಕೆ ಅಲ್ಲ ಮತ್ತೆ.

ಫೋಟೋ ವಿಷಯ. ಸ್ಮಾರಕದ ಫೋಟೋ ತೆಗೀರಿ, ಹೆಸರಿನ ಫೋಟೋ ತೆಗೀರಿ, ಅದು ಉಪಯೋಗಕ್ಕೆ ಬರ್ತದೆ. ಹೂವಿನ ಚಕ್ರದ ಮುಂದೆ ನಗಾಡ್ತಾ ಸೆಲ್ಫಿ, ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತದ್ದು, ಪ್ರೀ ವೆಡ್ಡಿಂಗ್ ಶೂಟು, ಇದೆಲ್ಲ ಬೇಡ. ಸಂಜೆ ಹೊತ್ತು ಜೋಡಿಗಳು, ಚರುಮುರಿ ಪೊಟ್ಟಣ ಹಿಡ್ಕೊಂಡವರು ಎಲ್ಲ ಆಸುಪಾಸು ಇರ್ತಾರೆ, ಅವರ ಜೊತೆ ಜಗಳಕ್ಕೆ ಹೋಗ್ಬೇಡಿ, ಪಾರ್ಕ್ ಅಂದ್ಮೇಲೆ ಜನ ಬರ್ತಾರೆ. ನನಗೆ ಒಂದು ಲೆಕ್ಕದಲ್ಲಿ ಅದು ಬೇಸರದ ವಿಷಯವೂ ಅಲ್ಲ, ಮಕ್ಕಳು ಓಡಾಡುವ ಜಾಗದಲ್ಲಿ ಸ್ಮಾರಕ ಇರುದು ಬೀಗ ಹಾಕಿದ ಕಾಂಪೌಂಡ್ ಒಳಗೆ ಇರುದಕ್ಕಿಂತ ಒಳ್ಳೆದು. ಕಟ್ಟೆ ಮೇಲೆ ಕಸ ಬಿದ್ದಿದ್ರೆ ಹೆಕ್ಕಿ ಹಾಕಿ, ಭಾಷಣ ಬೇಡ.

ಪಕ್ಷದ ಶಾಲು, ಘೋಷಣೆ ಇದು ಇನ್ನೊಂದು. ಕಾರ್ಯಕ್ರಮದ ದಿನ ಇದು ಒಮ್ಮೊಮ್ಮೆ ಶುರುವಾಗ್ತದೆ, ನೀವು ಅದಕ್ಕೆ ಸೇರ್ಬೇಡಿ, ಸುಮ್ನೆ ನಿವೃತ್ತ ಸೈನಿಕರ ಸಾಲಿನ ಹಿಂದೆ ಹೋಗಿ ನಿಲ್ಲಿ, ಅವರು ಮಾಡಿದ ಹಾಗೆ ಮಾಡಿದ್ರೆ ಆಯ್ತು.

ಇದನ್ನೆಲ್ಲ ನೋಡಿ ಆಸಕ್ತಿ ಬಂದ್ರೆ ಮುಂದೆ ಹೋಗ್ಲಿಕ್ಕೆ ಜಾಗ ಉಂಟು. ಬೆಂಗಳೂರಲ್ಲಿ ನೆಹರೂ ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕ ಉಂಟು, ಅಲ್ಲಿ ಒಂದೇ ಕಲ್ಲಿನ ದೊಡ್ಡ ವೀರಗಲ್ಲು ನಿಲ್ಲಿಸಿದ್ದಾರೆ. ಕಾರವಾರ ಬೀಚಲ್ಲಿ ಐಎನ್‌ಎಸ್ ಚಾಪಲ್ ಅಂತ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿದ್ದಾರೆ, ಅದು ಸ್ಮಾರಕ ಅಂತಲ್ಲ, ಆದ್ರೆ ಒಳಗೆ ಹೋದ್ರೆ ನಾವಿಕರು ಎಷ್ಟು ಇಕ್ಕಟ್ಟಲ್ಲಿ ಇರ್ತಾರೆ ಅಂತ ಮಕ್ಕಳಿಗೆ ಗೊತ್ತಾಗ್ತದೆ. ದೆಹಲಿಗೆ ಹೋದ್ರೆ 2019ರ ಫೆಬ್ರವರಿ 25ಕ್ಕೆ ಉದ್ಘಾಟನೆ ಆದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಸಂಜೆ ಹೊತ್ತು ಹೋಗಿ. ಅದು ಅಮರ, ವೀರತಾ, ತ್ಯಾಗ, ರಕ್ಷಕ ಅಂತ ನಾಲ್ಕು ಸುತ್ತಿನ ಚಕ್ರವ್ಯೂಹದ ರೀತಿ ಕಟ್ಟಿದ್ದು, ತ್ಯಾಗ ಚಕ್ರದ ಗೋಡೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ, ಶುರುವಲ್ಲೇ 25,000ಕ್ಕೂ ಮೇಲೆ ಹೆಸರು ಇದ್ದದ್ದು. ನಿಮ್ಮ ಊರಿನವರ ಹೆಸರು ಮೊದ್ಲೇ ಬರ್ಕೊಂಡು ಹೋಗಿದ್ರೆ ಹುಡುಕ್ಲಿಕ್ಕೆ ಸುಲಭ, ಇಲ್ಲದಿದ್ರೆ ಆ ಗೋಡೆ ಎದುರು ತಲೆ ತಿರುಗ್ತದೆ.

ಕೊನೆಗೆ ಒಂದು ದುಡ್ಡಿನ ವಿಷಯ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೀತಾ ಬಂದದ್ದು. ಕೆಂಪು, ಗಾಢ ನೀಲಿ, ತಿಳಿ ನೀಲಿ ಮೂರು ಬಣ್ಣದ ಸಣ್ಣ ಸ್ಟಿಕ್ಕರು, ಭೂಸೇನೆ, ನೌಕಾಪಡೆ, ವಾಯುಪಡೆ ಅಂತ ಲೆಕ್ಕ. ಶಾಲೆ ಮಕ್ಕಳು, ಎನ್‌ಸಿಸಿಯವರು ಡಬ್ಬಿ ಹಿಡ್ಕೊಂಡು ಬರ್ತಾರೆ. ಹುತಾತ್ಮರ ಕುಟುಂಬಕ್ಕೆ, ಕೈಕಾಲು ಕಳ್ಕೊಂಡವರಿಗೆ, ನಿವೃತ್ತರಿಗೆ ಹೋಗುವ ನಿಧಿ ಅದು. ಡಬ್ಬಿ ಬರ್ಲಿಲ್ಲಾಂದ್ರೆ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಕೊಡ್ಬಹುದು, ರಸೀದಿ ಕೇಳಿ ತಗೊಳ್ಳಿ, ಫೇಸ್‌ಬುಕ್ಕಲ್ಲಿ ಬರುವ ಯಾರ್ಯಾರದ್ದೋ ಕ್ಯೂಆರ್ ಕೋಡಿಗೆ ಮಾತ್ರ ಹಾಕ್ಬೇಡಿ.